ಎಲ್ಲಕ್ಕೂ ಹಲ್ಲನ್ನೇ ಬೈಯಬೇಡಿ

(ಮಕ್ಕಳ ಡಾಕ್ಟರ್ ಜೊತೆ ಓದುಗರ ಪ್ರಶ್ನೋತ್ತರ. ಈ ಸಲ ಬಂದ ಪತ್ರಗಳಲ್ಲಿ ಹಲ್ಲಿನವೇ ಜಾಸ್ತಿ. ಹಾಗಾಗಿ ಕೆಮ್ಮು, ನೆಗಡಿಯವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು.)

ಪ್ರಶ್ನೆ: ಮೇಡಂ, ಮಗಳಿಗೆ ಈಗ 4 ತಿಂಗಳು. ಒಂದು ವಾರದಿಂದ ಒಂದೇ ಸಮ ಜೊಲ್ಲು ಸುರಿಸುತ್ತಾಳೆ. ಎರಡೂ ಮುಷ್ಟಿ ಬಾಯಲ್ಲೇ. ಸಂಜೆಯಾದರೆ ರಚ್ಚೆ ಹಿಡಿಯುತ್ತಾಳೆ. ‘ಹಲ್ಲು ಬರ್ತಿದೆ ಬಿಡು’ ಅಂತಾರೆ ಅತ್ತೆ. ನನಗೆ ಏನೂ ಕಾಣಿಸುತ್ತಿಲ್ಲ. ಪಕ್ಕದ ಮನೆಯವರು ವಸಡಿಗೆ ಹಚ್ಚುವ ಜೆಲ್ ಕೊಟ್ಟಿದ್ದಾರೆ. ಹಚ್ಚಬಹುದಾ?
— ಕಡೂರಿನ ಓದುಗರು

ಉತ್ತರ: ಹಚ್ಚಬೇಡಮ್ಮಾ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಮೊದಲು ಅತ್ತೆಯ ಮಾತಿಗೆ ಬರೋಣ.

ಅವರು ಹೇಳಿದ್ದು ಪೂರ್ತಿ ತಪ್ಪೇನಲ್ಲ. ಸಾಮಾನ್ಯವಾಗಿ 6 ತಿಂಗಳ ಆಸುಪಾಸಿನಲ್ಲಿ ಮೊದಲ ಹಲ್ಲು ಮೂಡುತ್ತದೆ. ಕೆಲವು ಮಕ್ಕಳಿಗೆ ನಾಲ್ಕಕ್ಕೇ ಬರುತ್ತದೆ. ಆದರೆ ಬರೀ ಜೊಲ್ಲು, ಮುಷ್ಟಿ ನೋಡಿ ಹಲ್ಲು ಅಂತ ತೀರ್ಮಾನಿಸಲು ಆಗುವುದಿಲ್ಲ. ಎರಡು ಮೂರು ತಿಂಗಳಾಗುವಾಗ ಬಾಯಲ್ಲಿ ಜೊಲ್ಲು ಊರುವುದು ಹೆಚ್ಚುತ್ತದೆ. ಅದನ್ನೆಲ್ಲ ನುಂಗಿಕೊಳ್ಳುವುದು ಮಗುವಿಗೆ ಇನ್ನೂ ಬಂದಿರುವುದಿಲ್ಲ, ಹೊರಗೆ ಸುರಿಯುತ್ತದೆ. ಅದೇ ಹೊತ್ತಿಗೆ ಕೈ ತನ್ನದು ಅಂತ ಗೊತ್ತಾಗಿ ಬಾಯಿಗೆ ಹೋಗುತ್ತದೆ. ಹಲ್ಲು ಬರಲು ಇನ್ನೂ ಮೂರು ತಿಂಗಳಿದ್ದರೂ ಇವೆರಡೂ ಇರುತ್ತವೆ.

ನಿಜವಾಗಿ ಬರ್ತಿದೆಯಾ ಅಂತ ನೀವೇ ನೋಡಬಹುದು. ಮಗು ಹಾಲು ಕುಡಿದು ಖುಷಿಯಾಗಿರುವಾಗ ಕಿಟಕಿ ಬೆಳಕಿಗೆ ಕೂತುಕೊಳ್ಳಿ. ಉಗುರು ಕತ್ತರಿಸಿ, ಸೋಪು ಹಾಕಿ ಕೈ ತೊಳೆದಿರಿ. ಹೆಬ್ಬೆರಳಿನಿಂದ ಕೆಳತುಟಿಯನ್ನು ಮೆಲ್ಲಗೆ ಕೆಳಗೆ ಎಳೆಯಿರಿ. ಹೆಚ್ಚಿನ ಮಕ್ಕಳಿಗೆ ಮೊದಲು ಬರುವುದು ಕೆಳಗಿನ ನಡುವಿನ ಎರಡು ಹಲ್ಲು, ಆದ್ದರಿಂದ ಅಲ್ಲೇ ನೋಡಿ. ಹಲ್ಲು ಹತ್ತಿರ ಬಂದಿದ್ದರೆ ವಸಡು ಅಲ್ಲಿ ಉಬ್ಬಿ ಸ್ವಲ್ಪ ಬಿಳಿಚಿಕೊಂಡಿರುತ್ತದೆ. ತೋರುಬೆರಳಿನ ತುದಿಯನ್ನು ಅಡ್ಡಡ್ಡ ಆಡಿಸಿದರೆ ಒಂದು ಕಡೆ ಗಟ್ಟಿಯಾಗಿ ತಾಗುತ್ತದೆ. ತುದಿ ಹೊರಬಂದಿದ್ದರೆ ಸಕ್ಕರೆ ಹರಳಿನ ಅಂಚು ಮುಟ್ಟಿದ ಹಾಗೆ ಚುರುಕ್ ಅನ್ನುತ್ತದೆ. ಸ್ಟೀಲ್ ಚಮಚ ತಾಗಿಸಿ ‘ಟಿಕ್’ ಸದ್ದು ಕೇಳುವ ಅಜ್ಜಿಯರ ಪರೀಕ್ಷೆಯೂ ಚೆನ್ನಾಗಿಯೇ ಇದೆ. ಕೆಲವೊಮ್ಮೆ ವಸಡಿನ ಮೇಲೆ ನೀಲಿ ಗುಳ್ಳೆ ಏಳುತ್ತದೆ. ಅದನ್ನು ಚುಚ್ಚಬೇಡಿ, ಹಲ್ಲು ಬಂದಾಗ ಸಾಮಾನ್ಯವಾಗಿ ತಾನೇ ಒಡೆದು ಹೋಗುತ್ತದೆ.

ಇನ್ನೊಂದು ಲೆಕ್ಕ. ಅಮೆರಿಕದ ಕ್ಲೀವ್‌ಲ್ಯಾಂಡ್‌ನ ವೈದ್ಯರು 125 ಮಕ್ಕಳನ್ನು ಗಮನಿಸಿ 2000ದಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಕಚ್ಚುವುದು, ಜೊಲ್ಲು, ಕಿರಿಕಿರಿ, ನಿದ್ದೆಗೇಡು ಇವೆಲ್ಲ ಹಲ್ಲು ಮೂಡುವ 4 ದಿನ ಮೊದಲು ಶುರುವಾಗಿ, ಮೂಡಿದ 3 ದಿನಕ್ಕೆ ಇಳಿಯುತ್ತಿದ್ದವು. ಅಂದರೆ ಮೂಡುವ ದಿನವೂ ಸೇರಿ ಒಂದು ಹಲ್ಲಿನ ಗಲಾಟೆ ಸುಮಾರು 8 ದಿನದ್ದು. ಮಗು ಒಂದು ತಿಂಗಳಿಂದ ಅಳುತ್ತಿದ್ದರೆ ಅದಕ್ಕೆ ಹಲ್ಲು ಜವಾಬ್ದಾರಿ ಅಲ್ಲ. ಬೇರೆ ಏನೋ ಇದೆ, ತೋರಿಸಿ.

ಸಮಾಧಾನಕ್ಕೆ ದೊಡ್ಡ ಖರ್ಚೇನೂ ಬೇಡ. ತೊಳೆದ ಬೆರಳಿನಿಂದ ವಸಡನ್ನು ಒತ್ತಿ ಒತ್ತಿ ಉಜ್ಜಿ. ಮೊದಲು ಮುಖ ಸಿಂಡರಿಸುತ್ತಾಳೆ, ಆಮೇಲೆ ತಾನೇ ಬೆರಳು ಕಚ್ಚಿ ಹಿಡಿಯುತ್ತಾಳೆ. ಹಳೆಯ ಮೆತ್ತನೆ ಕಾಟನ್ ಬಟ್ಟೆಯನ್ನು ಕುದಿಸಿ ಆರಿಸಿದ ನೀರಲ್ಲಿ ಅದ್ದಿ, ಹಿಂಡಿ, ಫ್ರಿಜ್‌ನ ಕೆಳಗಿನ ಅರೆಯಲ್ಲಿ ಸ್ವಲ್ಪ ಹೊತ್ತಿಡಿ. ಫ್ರೀಜರ್ ಬೇಡ, ಮಂಜುಗಡ್ಡೆಯಾದದ್ದು ಎಳೇ ವಸಡಿಗೆ ಪೆಟ್ಟು ಮಾಡುತ್ತದೆ. ಒಂದು ತುದಿ ನಿಮ್ಮ ಕೈಯಲ್ಲಿರಲಿ, ಇನ್ನೊಂದನ್ನು ಅಗಿಯಲಿ. ಟೀದರ್ ಕೊಳ್ಳುವುದಾದರೆ ಒಂದೇ ತುಂಡಿನ ಗಟ್ಟಿ ರಬ್ಬರಿನದು ಇರಲಿ. ಒಳಗೆ ನೀರು ತುಂಬಿದ್ದು ಕಚ್ಚಿ ಕಚ್ಚಿ ಒಡೆಯುತ್ತದೆ. ಗದ್ದ, ಕುತ್ತಿಗೆಯ ಜೊಲ್ಲನ್ನು ಉಜ್ಜದೆ ಒತ್ತಿ ಒರೆಸಿ, ತೆಳ್ಳಗೆ ವ್ಯಾಸಲೀನ್ ಸವರಿ. ದದ್ದು ಏಳುವುದಿಲ್ಲ.

ಈಗ ಜೆಲ್. ನಮ್ಮಲ್ಲಿ ಸಿಗುವ ಹಲವು ಜೆಲ್‌ಗಳಲ್ಲಿ ಕೋಲೀನ್ ಸ್ಯಾಲಿಸಿಲೇಟ್ ಇರುತ್ತದೆ. ಅದು ಆಸ್ಪಿರಿನ್‌ನ ಸಂಬಂಧಿ. ಬ್ರಿಟನ್‌ನಲ್ಲಿ 2009ರಲ್ಲೇ ಇದನ್ನು 16 ವರ್ಷದೊಳಗಿನವರಿಗೆ ಬೇಡ ಅಂದರು. ಇನ್ನು ಕೆಲವದರಲ್ಲಿ ಮರಗಟ್ಟಿಸುವ ಔಷಧಿ ಇರುತ್ತದೆ. ಬೆಂಜೊಕೇನ್ ಆದರೆ ಅಪರೂಪಕ್ಕೆ ರಕ್ತ ಆಮ್ಲಜನಕ ಹೊರಲಾರದೆ ಮಗುವಿನ ತುಟಿ ನೀಲಿಯಾಗುತ್ತದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2018ರಲ್ಲಿ ಎರಡು ವರ್ಷದೊಳಗಿನ ಮಕ್ಕಳಿಗೆ ಇದನ್ನು ಮಾರುವುದನ್ನೇ ನಿಲ್ಲಿಸಿ ಎಂದಿತು. ಲಿಡೊಕೇನ್ ಹೊಟ್ಟೆಗೆ ಹೋದರೆ ಫಿಟ್ಸ್ ಕೂಡ ಬರಬಹುದು. ಇಷ್ಟೆಲ್ಲಾ ಆಗಿಯೂ ಆ ಜೊಲ್ಲಿನಲ್ಲಿ ಜೆಲ್ ನಿಲ್ಲುವುದೇ ಕೆಲವು ನಿಮಿಷ, ಅಲ್ವಾ?

ಜೇನುತುಪ್ಪ ನೆಕ್ಕಿಸುವವರಿದ್ದಾರೆ. ವರ್ಷ ತುಂಬುವವರೆಗೆ ಒಂದು ಹನಿಯೂ ಬೇಡ, ಬಾಟ್ಯುಲಿಸಂ ಎಂಬ ಅಪಾಯದ ಕಾಯಿಲೆ ಬರಬಹುದು. ಕೈಗೆ ಕಟ್ಟುವ ಬಜೆ ಬಳೆಯನ್ನು ಬಿಚ್ಚಿ ದೇವರ ಮುಂದಿಡಿ. ದೃಷ್ಟಿಗೆ ಅಂತ ಕಟ್ಟಿದ್ದು ಮಗುವಿನ ಬಾಯಿಗೆ ಹೋಗುತ್ತದೆ. ದಾರ ಕಿತ್ತರೆ ತುಂಡು ಗಂಟಲಿಗೆ.

ಪ್ರಶ್ನೆ: ಮೊಮ್ಮಗನಿಗೆ 7 ತಿಂಗಳು. ಕೆಳಗೆ ಎರಡು ಹಲ್ಲು ಮೊಳೆತಿವೆ. ಎರಡು ದಿನದಿಂದ ನೀರು ನೀರಾಗಿ ಭೇದಿ, ಮೈ ಬಿಸಿ. ನನ್ನ ಮಕ್ಕಳಿಗೂ ಹೀಗೇ ಆಗುತ್ತಿತ್ತು. ಹಲ್ಲಿನ ಭೇದಿ, ತಾನಾಗಿ ನಿಲ್ಲುತ್ತದೆ ಅಂತ ನಾನು. ಆಸ್ಪತ್ರೆಗೆ ಹೋಗೋಣ ಅಂತ ಸೊಸೆ. ಯಾರು ಸರಿ?
— ಹೊಸದುರ್ಗದ ಅಜ್ಜಿ

ಉತ್ತರ: ಬೇಜಾರು ಮಾಡ್ಕೋಬೇಡಿ ಅಮ್ಮಾ, ಸೊಸೆ ಸರಿ. ಇದು ಅಚ್ಚಾಗುವ ಹೊತ್ತಿಗೆ ನಿಮ್ಮ ಮೊಮ್ಮಗ ಹುಷಾರಾಗಿರುತ್ತಾನೆ ಅಂದುಕೊಳ್ಳುತ್ತೇನೆ. ಇದೇ ವಾದ ಬೇರೆ ಹತ್ತು ಮನೆಗಳಲ್ಲಿ ನಡೆಯುತ್ತಿರುತ್ತದೆ, ಅವರಿಗಾಗಿ ಬರೆಯುತ್ತೇನೆ.

ಹಲ್ಲಿನಿಂದ ಭೇದಿ ಆಗುವುದಿಲ್ಲ. ಮೈ ಒಂಚೂರು ಬೆಚ್ಚಗಾಗಬಹುದು. ಆದರೆ ಥರ್ಮಾಮೀಟರಿನಲ್ಲಿ 100.4 ಡಿಗ್ರಿ ದಾಟಿದರೆ ಅದು ಜ್ವರ, ಹಲ್ಲಿನ ಲೆಕ್ಕಕ್ಕೆ ಬರೆಯಬೇಡಿ. 3 ತಿಂಗಳೊಳಗಿನ ಕೂಸಿಗೆ ಅಷ್ಟು ಬಂದರೆ ಆಗಿಂದಾಗಲೇ ಆಸ್ಪತ್ರೆಗೆ ಹೋಗಿ. ಹಾಗಾದರೆ ಎರಡೂ ಒಟ್ಟಿಗೆ ಯಾಕೆ ಬರುತ್ತವೆ? 6 ತಿಂಗಳ ಹೊತ್ತಿಗೆ ತಾಯಿಯಿಂದ ಬಂದ ರೋಗನಿರೋಧಕ ಶಕ್ತಿ ಕಡಿಮೆಯಾಗುತ್ತದೆ. ಅದೇ ಹೊತ್ತಿಗೆ ರಾಗಿ ಸರಿ ಶುರು, ಬಟ್ಟಲು ಚಮಚ ಶುರು, ನೆಲದ ಮೇಲಿನದ್ದೆಲ್ಲ ಬಾಯಿಗೆ. ಸೋಂಕು ಆ ದಾರಿಯಲ್ಲಿ ಬರುತ್ತದೆ. ಹೆಸರು ಮಾತ್ರ ಹಲ್ಲಿಗೆ.

ಎದೆಹಾಲು ನಿಲ್ಲಿಸಬೇಡಿ. ಓಆರ್‌ಎಸ್‌ನ ದೊಡ್ಡ ಪೊಟ್ಟಣವನ್ನು ಪೂರ್ತಿ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ, ಚಮಚ ಚಮಚ ಕುಡಿಸಿ. ಅರ್ಧ ಪೊಟ್ಟಣ, ಒಂದು ಲೋಟ ಅಂತ ಅಂದಾಜು ಬೇಡ. ಡಾಕ್ಟರ್ 14 ದಿನಕ್ಕೆ ಜಿಂಕ್ ಬರೆದುಕೊಟ್ಟರೆ, ಭೇದಿ ನಿಂತರೂ 14 ದಿನ ಕೊಡಿ. ಮಗು ಮಂಕಾದರೆ, ಕಣ್ಣು ಗುಳಿ ಬಿದ್ದರೆ, ಆರು ಗಂಟೆ ಉಚ್ಚೆ ಹೊಯ್ಯದಿದ್ದರೆ, ಭೇದಿಯಲ್ಲಿ ರಕ್ತ ಕಂಡರೆ ರಾತ್ರಿಯಾದರೂ ಹೊರಡಿ.

ಹಲ್ಲಿನ ಮೇಲೆ ಹೊರಿಸುವ ಚಾಳಿ ನಮ್ಮ ಅಜ್ಜಿಯರದ್ದಷ್ಟೇ ಅಲ್ಲ. 1839ರ ಇಂಗ್ಲೆಂಡಿನ ಸಾವಿನ ದಾಖಲೆಯಲ್ಲಿ 5,016 ಮಕ್ಕಳ ಸಾವಿಗೆ ಕಾರಣ ಅಂತ ಬರೆದಿರುವುದು ‘ಹಲ್ಲು ಬರುವುದು’! ಅಲ್ಲಿ ಹಲ್ಲಿಗೆ ಅಂತ ಕೊಡುತ್ತಿದ್ದ ಪುಡಿಗಳಲ್ಲಿ ಪಾದರಸ ಇರುತ್ತಿತ್ತು. ಅದರಿಂದ ಮಕ್ಕಳ ಅಂಗೈ ಅಂಗಾಲು ಕೆಂಪೇರಿ ಸಿಪ್ಪೆ ಸುಲಿಯುವ ಕಾಯಿಲೆ ಬರುತ್ತಿತ್ತು. 1954ರ ಸುಮಾರಿಗೆ ಆ ಪುಡಿಗಳಿಂದ ಪಾದರಸ ತೆಗೆದ ಮೇಲೆ ಕಾಯಿಲೆಯೂ ಮಾಯವಾಯಿತು.

ಪ್ರಶ್ನೆ: 8 ತಿಂಗಳ ಮಗ ಹಲ್ಲು ನೋವಿಗೆ ರಾತ್ರಿ ಮಲಗುತ್ತಿಲ್ಲ. ದೊಡ್ಡವಳ ಪ್ಯಾರಾಸಿಟಮಾಲ್ ಸಿರಪ್ ಮನೆಯಲ್ಲಿದೆ. ಎಷ್ಟು ಕೊಡಲಿ?
— ಒಬ್ಬ ತಂದೆ, ತುಮಕೂರು

ಉತ್ತರ: ‘ಎಷ್ಟು ಎಂ.ಎಲ್.’ ಅಂತ ಕೇಳುವ ಮೊದಲು ಬಾಟಲಿ ತಿರುಗಿಸಿ ಸಣ್ಣಕ್ಷರ ಓದಿ ಸ್ವಾಮಿ. ಒಂದೇ ಔಷಧಿ ಮೂರು ಬಗೆಯಲ್ಲಿ ಬರುತ್ತದೆ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂ.ಎಲ್.ಗೆ 100 ಮಿಲಿಗ್ರಾಂ. ಚಿಕ್ಕವರ ಸಿರಪ್ಪಿನಲ್ಲಿ 5 ಎಂ.ಎಲ್.ಗೆ 120 ಅಥವಾ 125. ದೊಡ್ಡ ಮಕ್ಕಳದ್ದರಲ್ಲಿ 5 ಎಂ.ಎಲ್.ಗೆ 250. ಮಗುವಿನ ತೂಕದ ಪ್ರತಿ ಕೆಜಿಗೆ ಒಂದು ಸಲಕ್ಕೆ 10ರಿಂದ 15 ಮಿಲಿಗ್ರಾಂ ಲೆಕ್ಕ. 8 ಕೆಜಿ ಮಗುವಿಗೆ ಡ್ರಾಪ್ಸ್ ಆದರೆ ಸುಮಾರು 1 ಎಂ.ಎಲ್., ಚಿಕ್ಕವರ ಸಿರಪ್ ಆದರೆ ಸುಮಾರು 4. ಯಾರೋ ಫೋನಿನಲ್ಲಿ ‘ನಾಲ್ಕು ಹಾಕಿ’ ಅಂದರು ಅಂತ ಡ್ರಾಪ್ಸ್ 4 ಎಂ.ಎಲ್. ಹಾಕಿದರೆ 400 ಮಿಲಿಗ್ರಾಂ ಆಯಿತು. ಲಿವರ್ ಹಾಳಾಗುವುದು ಇಂಥ ಗೊಂದಲದಲ್ಲೇ. ನಿಮ್ಮ ಡಾಕ್ಟರನ್ನು ಕೇಳಿ, ಇವತ್ತಿನ ತೂಕಕ್ಕೆ ಬರೆಸಿಕೊಳ್ಳಿ, ಅಡುಗೆಮನೆ ಚಮಚ ಬಿಟ್ಟು ಸಿರಿಂಜಿನಲ್ಲಿ ಅಳೆಯಿರಿ. ಅದೂ ಮಗು ನಿಜವಾಗಿ ನರಳುವ ಒಂದೆರಡು ರಾತ್ರಿಗೆ. ದಿನಾ ಮಲಗಿಸುವ ಔಷಧಿ ಅದಲ್ಲ.

ಪ್ರಶ್ನೆ: 11 ತಿಂಗಳಾದರೂ ಒಂದು ಹಲ್ಲೂ ಇಲ್ಲ. ಕ್ಯಾಲ್ಸಿಯಂ ಕೊಡಬೇಕಾ?
— ಅರಸೀಕೆರೆ

ಉತ್ತರ: ಸುಮ್ನೆ ಬೇಡ. ಅಪ್ಪ ಅಮ್ಮನಿಗೆ ತಡವಾಗಿ ಬಂದಿದ್ದವಾ ಅಂತ ಅಜ್ಜಿಯರನ್ನು ಕೇಳಿ. ಮಗು ಚೆನ್ನಾಗಿ ಬೆಳೆಯುತ್ತಿದ್ದರೆ ಕಾಯಬಹುದು. ಒಂದೂವರೆ ವರ್ಷಕ್ಕೂ ಬರದಿದ್ದರೆ ತೋರಿಸಿ.

ಪ್ರಶ್ನೆ: ಅಕ್ಕನ ಮಗನಿಗೆ ಮೇಲಿನ ಹಲ್ಲು ಮೊದಲು ಬಂದಿದೆ. ಸೋದರಮಾವನಿಗೆ ಆಗಿಬರುವುದಿಲ್ಲ ಅಂತ ಅಮ್ಮ ಶಾಂತಿ ಮಾಡಿಸಲು ಹೊರಟಿದ್ದಾರೆ. ಆ ಮಾವ ನಾನೇ. ಇದರಲ್ಲಿ ಏನಾದರೂ ಇದೆಯಾ?
— ಭದ್ರಾವತಿ

ಉತ್ತರ: ನಿಮ್ಮ ಅಕ್ಷರ ನೋಡಿದರೆ ಕೈ ನಡುಗಿದ ಹಾಗಿಲ್ಲ, ಸಂತೋಷ. ಕೆಳಗಿನದು ಮೊದಲು ಬರುವುದು ವಾಡಿಕೆ, ಕಾನೂನೇನಲ್ಲ. ಕೆಲವು ಮಕ್ಕಳಿಗೆ ಮೇಲಿನದೇ ಮೊದಲು ಬರುತ್ತದೆ, ಅದರಿಂದ ಮಗುವಿಗೂ ಏನಿಲ್ಲ, ನಿಮಗೂ ಏನಿಲ್ಲ. ಅಮ್ಮನ ಮನಸ್ಸಿಗೆ ನೆಮ್ಮದಿ ಅನ್ನುವುದಾದರೆ ದೇವಸ್ಥಾನಕ್ಕೆ ಹೋಗಿಬನ್ನಿ. ಬೈಕಿನಲ್ಲಿ ಹೋಗುವುದಾದರೆ ಹೆಲ್ಮೆಟ್ ಹಾಕಿಕೊಳ್ಳಿ. ಆದರೆ ಇದೇ ನೆಪದಲ್ಲಿ ಬಾಣಂತನ ಮುಗಿಸಿದ ನಿಮ್ಮ ಅಕ್ಕನಿಗೆ ಯಾರೂ ಚುಚ್ಚುಮಾತು ಆಡದ ಹಾಗೆ ನೋಡಿಕೊಳ್ಳಿ. ಬರುವಾಗ ಅಳಿಯನಿಗೆ ಚಿಕ್ಕ ತಲೆಯ ಮೆತ್ತನೆ ಬ್ರಷ್ ತನ್ನಿ. ಮೊದಲ ಹಲ್ಲು ಬಂದ ದಿನದಿಂದಲೇ ದಿನಕ್ಕೆ ಎರಡು ಸಲ ಉಜ್ಜಬೇಕು, ಒಂದು ಅಕ್ಕಿಕಾಳಿನಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಹಾಲಿನ ಬಾಟಲಿ ಬಾಯಲ್ಲಿಟ್ಟೇ ಮಲಗಿಸುವ ಅಭ್ಯಾಸ ಇದ್ದರೆ ಅದನ್ನು ಬಿಡಿಸಲು ಅಕ್ಕನಿಗೆ ಹೇಳಿ. ಮೊದಲ ಹುಟ್ಟುಹಬ್ಬದೊಳಗೆ ಒಮ್ಮೆ ಹಲ್ಲಿನ ಡಾಕ್ಟರಿಗೆ ತೋರಿಸಲಿ.