ಓದುಗರ ಪ್ರಶ್ನೆ, ನಮ್ಮ ಉತ್ತರ: ತರಗತಿಗಿಂತ ಮುಂದೆ ಓಡುವ ಮಕ್ಕಳು

ಪ್ರಶ್ನೆ: ಮಗಳು ಸರ್ಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿ. ಮೂರನೆಯವರೆಗೆ ನಲಿ-ಕಲಿಯಲ್ಲಿ ಖುಷಿಯಾಗಿದ್ದಳು. ಈಗ ಐದು ನಿಮಿಷದಲ್ಲಿ ಲೆಕ್ಕ ಮುಗಿಸಿ ಪಕ್ಕದವರನ್ನು ಮಾತಿಗೆ ಎಳೆಯುತ್ತಾಳೆ. ಸುಮ್ಮನಿರಲಿ ಎಂದು ಟೀಚರ್ ಇನ್ನೂ ಇಪ್ಪತ್ತು ಲೆಕ್ಕ ಕೊಡುತ್ತಾರೆ. ಇತ್ತೀಚೆಗೆ ಬೆಳಿಗ್ಗೆ ಹೊಟ್ಟೆನೋವು ಶುರುವಾಗಿದೆ.
— ಒಬ್ಬ ತಾಯಿ, ನಾಪೋಕ್ಲು

ಉತ್ತರ: ಹೊಟ್ಟೆನೋವನ್ನು ಮೊದಲು ಡಾಕ್ಟರಿಗೆ ತೋರಿಸಿ. ಭಾನುವಾರವೂ ಮಳೆ ರಜೆಯ ದಿನವೂ ಅದು ಬರುವುದಿಲ್ಲ ಎಂದಾದರೆ ಕಾರಣವನ್ನು ತರಗತಿಯಲ್ಲಿ ಹುಡುಕಬೇಕು.

ನಲಿ-ಕಲಿಯಲ್ಲಿ ಮಗು ಕಲಿಕಾ ಏಣಿಯ ಮೆಟ್ಟಿಲುಗಳನ್ನು ಕಾರ್ಡು ಹಿಡಿದು ತನ್ನ ವೇಗದಲ್ಲೇ ಹತ್ತುತ್ತದೆ. ಒಂದು ಮೈಲಿಗಲ್ಲು ಮುಗಿದರೆ ಮುಂದಿನದು, ಯಾರಿಗೂ ಕಾಯಬೇಕಿಲ್ಲ. ನಾಲ್ಕನೆಯಲ್ಲಿ ಪಠ್ಯಪುಸ್ತಕ ಬಂದು ಎಲ್ಲರೂ ಒಂದೇ ಪುಟದಲ್ಲಿ ಕೂರುತ್ತಾರೆ. ಮೂರು ವರ್ಷ ಓಡಿದ ಮಗುವಿಗೆ ದಿಢೀರನೆ ನಿಲ್ಲು ಅಂದಂತಾಯಿತು. ತುಂಟತನ ಹುಟ್ಟುವುದು ಇಲ್ಲೇ. ಇನ್ನು ಆ ಇಪ್ಪತ್ತು ಲೆಕ್ಕ: ಬೇಗ ಮುಗಿಸಿದರೆ ಶಿಕ್ಷೆ ಎಂಬ ಪಾಠವನ್ನು ಜಾಣ ಮಗು ಎರಡೇ ವಾರದಲ್ಲಿ ಕಲಿತು ಬೇಕೆಂದೇ ನಿಧಾನ ಮಾಡತೊಡಗುತ್ತದೆ.

ಟೀಚರ್ ಹತ್ತಿರ ದೂರು ಒಯ್ಯಬೇಡಿ, ಒಂದು ಕೋರಿಕೆ ಒಯ್ಯಿರಿ. ಭಿನ್ನರಾಶಿ ಪಾಠ ಶುರುವಾಗುವ ಮೊದಲೇ ಪಾಠದ ಕೊನೆಯಲ್ಲಿ ಕೊಡುವ ಪರೀಕ್ಷೆಯನ್ನು ಅವಳಿಗೆ ಕೊಡಲಿ. ನೂರಕ್ಕೆ 85 ಅಥವಾ ಹೆಚ್ಚು ಬಂದರೆ ಆ ಪಾಠದ ಅಭ್ಯಾಸ ಅವಳಿಗೆ ಬೇಡ. ತಪ್ಪಿದ ಭಾಗವನ್ನಷ್ಟೇ ಎಲ್ಲರ ಜೊತೆ ಕೂತು ಕಲಿಯಲಿ. ಅಷ್ಟು ದೊಡ್ಡ ವ್ಯವಸ್ಥೆ ಕಷ್ಟ ಎನಿಸಿದರೆ ದಿನದ ಮಟ್ಟದಲ್ಲಿ ಇನ್ನೊಂದು ದಾರಿಯಿದೆ. ಆ ದಿನದ ಲೆಕ್ಕಗಳಲ್ಲಿ ಅತಿ ಕಷ್ಟದ ಐದನ್ನು ಟೀಚರ್ ಗುರುತು ಹಾಕುತ್ತಾರೆ. ಯಾರ ಸಹಾಯವೂ ಇಲ್ಲದೆ, ಹಂತ ಬರೆದು, ಐದರಲ್ಲಿ ನಾಲ್ಕು ಸರಿ ಮಾಡಿದವರಿಗೆ ಉಳಿದದ್ದು ಮಾಫಿ. ಈ ಅವಕಾಶ ಇಡೀ ತರಗತಿಗೆ ತೆರೆದಿರಲಿ. ನಿಮ್ಮ ಮಗಳೊಬ್ಬಳಿಗೇ ಕೊಟ್ಟರೆ ಉಳಿದ ಮಕ್ಕಳು ಅವಳ ಮೇಲೆ ಮುನಿಸಿಕೊಳ್ಳುತ್ತಾರೆ. ಜೊತೆಗೆ, ಟೀಚರ್ ಊಹಿಸದೇ ಇದ್ದ ಒಂದಿಬ್ಬರು ಮುಂದೆ ಬರುವುದೂ ಉಂಟು.

ಉಳಿದ ಸಮಯದಲ್ಲಿ ಏನು ಮಾಡಿಸುವುದು ಎಂಬಲ್ಲೇ ಹೆಚ್ಚಿನ ಶಾಲೆಗಳು ಎಡವುತ್ತವೆ. ಹಿಂದುಳಿದವರಿಗೆ ಹೇಳಿಕೊಡಲು ಕೂರಿಸುವುದು ರೂಢಿ. ವಾರಕ್ಕೊಮ್ಮೆಯಾದರೆ ಒಳ್ಳೆಯದೇ, ದಿನವೂ ಆದರೆ ಮಗು ಸಂಬಳವಿಲ್ಲದ ಟೀಚರ್ ಆಗಿಬಿಡುತ್ತದೆ. ಮುಂದಿನ ತರಗತಿಯ ಪುಸ್ತಕ ಕೊಡುವುದು ಎರಡನೆಯ ತಪ್ಪು, ಬರುವ ವರ್ಷದ ಬೇಸರವನ್ನು ಈಗಲೇ ಕೂಡಿಟ್ಟಂತೆ. ಅದೇ ವಿಷಯದಲ್ಲಿ ಆಳಕ್ಕಿಳಿಸಿ. ಅಂಶ 1 ಇರುವ, ಒಂದೂ ಮರುಕಳಿಸದ ಭಿನ್ನರಾಶಿಗಳನ್ನು ಕೂಡಿಸಿ 5/6 ಮಾಡು ಎನ್ನಿ: 1/2 + 1/3. ಆಮೇಲೆ 4/5 ಕೊಡಿ. 1/2 + 1/4 + 1/20 ಸಿಗುವಷ್ಟರಲ್ಲಿ ಒಂದು ಪೀರಿಯಡ್ ಕಳೆದಿರುತ್ತದೆ.

ಕೊಡಗಿನಲ್ಲಿ ಇನ್ನೊಂದು ಸಾಮಗ್ರಿ ತೋಟದ ಮನೆಗಳಲ್ಲಿ ಬಿಟ್ಟಿಯಾಗಿ ಸಿಗುತ್ತದೆ: ಮಳೆ ಲೆಕ್ಕದ ಡೈರಿ. ಅದು ಇಂಚು-ಸೆಂಟ್‌ನಲ್ಲಿರುತ್ತದೆ, ಪತ್ರಿಕೆಯಲ್ಲಿ ಬರುವುದು ಮಿಲಿಮೀಟರಿನಲ್ಲಿ. ನೂರು ಸೆಂಟ್ ಒಂದು ಇಂಚು, ಅಂದರೆ 25.4 ಮಿ.ಮೀ. ನಾಪೋಕ್ಲಿನ ಒಂದು ಡೈರಿ, ಕುಶಾಲನಗರದ ನೆಂಟರಿಂದ ಇನ್ನೊಂದು ತರಿಸಿ ಜುಲೈ ತಿಂಗಳ ನಕ್ಷೆ ಬರೆಯಲಿ. ಫೆಬ್ರವರಿ-ಮಾರ್ಚಿನ ಹೂಮಳೆ ಬಿದ್ದು ಎಷ್ಟನೇ ದಿನಕ್ಕೆ ಕಾಫಿ ಹೂ ಅರಳಿತು ಎಂಬುದನ್ನೂ ಪಕ್ಕದಲ್ಲಿ ಬರೆಯಲಿ. ಈ ಕೆಲಸಕ್ಕೂ ಅಂಕ ಇರಲಿ. ಅಂಕವಿಲ್ಲದಿದ್ದರೆ ಮೂರನೇ ವಾರಕ್ಕೆ ಪುಸ್ತಕ ಬ್ಯಾಗಿನ ತಳ ಸೇರುತ್ತದೆ.

ಪ್ರಶ್ನೆ: ನನ್ನ ಐದನೇ ತರಗತಿಯಲ್ಲಿ ಹಾಡಿಯಿಂದ (ಬುಡಕಟ್ಟು ಜನರ ವಸತಿ) ಬರುವ ಒಬ್ಬ ಹುಡುಗನಿದ್ದಾನೆ. ಮನೆಮಾತು ಯರವ. ಕನ್ನಡ ಓದುವಾಗ ತಡವರಿಸುತ್ತಾನೆ, ಪರೀಕ್ಷೆಯಲ್ಲಿ ಅಂಚಿನ ಅಂಕ. ಆದರೆ ಚೌಕಾಬಾರದಲ್ಲಿ ಅವನನ್ನು ಯಾರೂ ಸೋಲಿಸಲಾರರು. ಇವನು ಪ್ರತಿಭಾವಂತನೇ, ಅಥವಾ ನನ್ನ ಭ್ರಮೆಯೇ?
— ಒಬ್ಬ ಶಿಕ್ಷಕಿ, ತಿತಿಮತಿ

ಉತ್ತರ: ಅಂಕಪಟ್ಟಿ ಅವನ ಕನ್ನಡವನ್ನು ಅಳೆದಿದೆ, ಬುದ್ಧಿಯನ್ನಲ್ಲ. ಚೌಕಾಬಾರದಲ್ಲಿ ಕವಡೆಯ ಅದೃಷ್ಟವೂ ಇದೆ ನಿಜ. ಯಾವ ಕಾಯಿ ನಡೆಸಬೇಕು ಎಂಬ ಆಯ್ಕೆಯನ್ನು ನಾಲ್ಕಾರು ದಿನ ಗಮನಿಸಿ: ಎದುರಾಳಿಯ ಮುಂದಿನ ನಡೆ ಎಣಿಸಿ ಕಾಯಿ ಇಡುತ್ತಾನೆಯೇ?

ಗಟ್ಟಿ ಪರೀಕ್ಷೆಯೆಂದರೆ ತರಗತಿಯಲ್ಲಿ ಯಾರಿಗೂ ಗೊತ್ತಿಲ್ಲದ, ಮಾತು ಕಡಿಮೆ ಬೇಡುವ ಒಂದು ಸಂಗತಿಯನ್ನು ಎಲ್ಲರಿಗೂ ಹೊಸದಾಗಿ ಕಲಿಸಿ, ಯಾರಿಗೆ ಎಷ್ಟು ಸಲ ಹೇಳಬೇಕಾಯಿತು ಎಂದು ನೋಡುವುದು. ಮಹಾರಾಷ್ಟ್ರದ ದೇವಳಾಲಿಯಲ್ಲಿ ಶಾಲಾ ಶಿಕ್ಷಕರಾಗಿದ್ದ ಡಿ. ಆರ್. ಕಾಪ್ರೇಕರ್ ಕಂಡುಹಿಡಿದ ಸಂಖ್ಯೆಯಾಟ ಇದಕ್ಕೆ ಹೇಳಿ ಮಾಡಿಸಿದ್ದು. ನಾಲ್ಕಂಕಿಯ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು. ದೊಡ್ಡದರಿಂದ ಚಿಕ್ಕದಕ್ಕೆ ಜೋಡಿಸಿ, ಚಿಕ್ಕದರಿಂದ ದೊಡ್ಡದಕ್ಕೆ ಜೋಡಿಸಿದ್ದನ್ನು ಅದರಿಂದ ಕಳೆಯಿರಿ. 3524 ಆದರೆ 5432 − 2345 = 3087. ಮುಂದೆ 8730 − 0378 = 8352. ಮತ್ತೆ 8532 − 2358 = 6174. ಹೆಚ್ಚೆಂದರೆ ಏಳು ಸುತ್ತಿನಲ್ಲಿ ಎಲ್ಲ ಸಂಖ್ಯೆಗಳೂ 6174ಕ್ಕೇ ಬಂದು ನಿಲ್ಲುತ್ತವೆ. ಸೊನ್ನೆ ಬಂದಾಗ ಅದನ್ನೂ ಒಂದು ಅಂಕಿಯಾಗಿ ಉಳಿಸಿಕೊಳ್ಳಬೇಕು. ಮಕ್ಕಳು ತಪ್ಪುವುದು ಅಲ್ಲೇ.

ಬೇಗ ಮುಗಿಸಿದವರ ಪಟ್ಟಿ ಮಾಡಬೇಡಿ. ಹೇಳದೆಯೇ ಮೂರಂಕಿಯಲ್ಲಿ ಮಾಡಿ ನೋಡಿದವರು ಯಾರು (ಅಲ್ಲಿ 495 ಬರುತ್ತದೆ), ‘ಯಾಕೆ ಹೀಗೆ’ ಎಂದವರು ಯಾರು, ಮರುದಿನವೂ ಅದೇ ಹಿಡಿದು ಬಂದವರು ಯಾರು ಎಂದು ಬರೆದಿಡಿ. ಸೂಚನೆಯನ್ನು ಹಾಡಿಯ ಇನ್ನೊಂದು ಮಗುವಿನಿಂದ ಯರವ ಮಾತಿನಲ್ಲೂ ಹೇಳಿಸಿ. ಹುಡುಗ ಇದರಲ್ಲಿ ಎದ್ದು ಕಂಡರೆ ಮನಶ್ಶಾಸ್ತ್ರಜ್ಞರಿಂದ ರೇವನ್ ಮಾದರಿಯ, ಚಿತ್ರವಿನ್ಯಾಸ ಮಾತ್ರ ಇರುವ ಪರೀಕ್ಷೆ ಮಾಡಿಸಬಹುದು. ಕನ್ನಡ ಓದಿಗೆ ಬೇರೆಯಾಗಿ ಸಹಾಯ ಬೇಕೇ ಬೇಕು, ಆದರೆ ಅದು ಸುಧಾರಿಸುವವರೆಗೆ ಗಣಿತವನ್ನು ಕಾಯಿಸಬೇಡಿ.

ಪ್ರಶ್ನೆ: ಮಗನಿಗೆ ಡಬಲ್ ಪ್ರಮೋಷನ್ ಕೊಡಿಸಬಹುದೇ?
— ಒಬ್ಬ ತಂದೆ, ಕುಶಾಲನಗರ

ಉತ್ತರ: ಅವಸರ ಬೇಡ. ವಯಸ್ಸಿಗೆ ತಕ್ಕ ತರಗತಿ ಎಂಬುದೇ ಶಿಕ್ಷಣ ಹಕ್ಕು ಕಾಯ್ದೆಯ ಧೋರಣೆ, ಹಾಗಾಗಿ ಮುಖ್ಯೋಪಾಧ್ಯಾಯರು ಹಿಂಜರಿಯುವುದು ಸಹಜ. ಹೆಚ್ಚಿನ ಮಕ್ಕಳು ಒಂದೆರಡು ವಿಷಯಗಳಲ್ಲಷ್ಟೇ ಮುಂದಿರುತ್ತಾರೆ. ಗಣಿತದ ಪೀರಿಯಡ್‌ಗೆ ಮಾತ್ರ ಮೇಲಿನ ತರಗತಿಯಲ್ಲಿ ಕೂರಲಿ. ನಾಲ್ಕು-ಐದು ಒಂದೇ ಕೊಠಡಿಯಲ್ಲಿರುವ ಸಣ್ಣ ಶಾಲೆಯಲ್ಲಿ ಬೆಂಚು ಬದಲಿಸಿದರೆ ಸಾಕು. ಆರು ವಾರ ನೋಡಿ. ಬರೆಯುವ ವೇಗ ಸಾಲದೆ ಸುಸ್ತಾದರೆ ಸಮಸ್ಯೆ ಬುದ್ಧಿಯದಲ್ಲ, ಕೈಯದು. ಎಲ್ಲಕ್ಕಿಂತ ಮೊದಲು ಮಗನನ್ನೇ ಕೇಳಿ, ಗೆಳೆಯರನ್ನು ಬಿಟ್ಟು ಹೋಗುವುದು ಅವನು.

ಪ್ರಶ್ನೆ: ಮಗಳು ಐದನೇ ತರಗತಿ. ನವೋದಯ, ಸೈನಿಕ ಶಾಲೆ ಎರಡಕ್ಕೂ ಕೋಚಿಂಗ್ ಹಾಕಬೇಕೇ?
— ಸೋಮವಾರಪೇಟೆ

ಉತ್ತರ: ಎರಡೂ ಬೇರೆ ಬೇರೆ ಬಗೆ. ಗಾಳಿಬೀಡಿನ ನವೋದಯಕ್ಕೆ 80 ಪ್ರಶ್ನೆ, 100 ಅಂಕ, 2 ಗಂಟೆ. ಅದರಲ್ಲಿ ಅರ್ಧ ಅಂಕ ಚಿತ್ರವಿನ್ಯಾಸದ ಮಾನಸಿಕ ಸಾಮರ್ಥ್ಯಕ್ಕೆ, ಉಳಿದರ್ಧ ಗಣಿತ-ಭಾಷೆಗೆ. ಆರನೇ ತರಗತಿಯ ಈ ಪರೀಕ್ಷೆಯನ್ನು ಬರೆಯಲು ಒಂದೇ ಅವಕಾಶ. ಕೂಡಿಗೆಯ ಸೈನಿಕ ಶಾಲೆಗೆ 125 ಪ್ರಶ್ನೆ, 300 ಅಂಕ, ಅದರಲ್ಲಿ 150 ಗಣಿತದ್ದೇ. ಅಲ್ಲಿ ಹೆಣ್ಣುಮಕ್ಕಳಿಗೂ ಪ್ರವೇಶವಿದೆ. ಹಳೆಯ ಪ್ರಶ್ನೆಪತ್ರಿಕೆಗಳನ್ನು ಗಡಿಯಾರ ಇಟ್ಟು ವಾರಕ್ಕೆರಡು ಮಾಡಿಸಿದರೆ ಸಾಕಷ್ಟು ತಯಾರಿಯಾಗುತ್ತದೆ. ಸೀಟು ಸಿಗದಿದ್ದರೆ ಮಗುವಿಗೆ ಪ್ರತಿಭೆ ಇಲ್ಲವೆಂದಲ್ಲ. ಇವು ವೇಗದ ಪರೀಕ್ಷೆಗಳು. ಸರ್ಕಾರಿ ಅಥವಾ ಅನುದಾನಿತ ಶಾಲೆಯಲ್ಲೇ ಮುಂದುವರಿದರೆ ಎಂಟನೆಯಲ್ಲಿ ಎನ್‌ಎಂಎಂಎಸ್ ಎಂಬ ಕೇಂದ್ರದ ವಿದ್ಯಾರ್ಥಿವೇತನ ಪರೀಕ್ಷೆ ಬರೆಯಿಸಿ. ಕುಟುಂಬದ ವಾರ್ಷಿಕ ಆದಾಯ 3.5 ಲಕ್ಷ ಮೀರದಿದ್ದು ಆಯ್ಕೆಯಾದರೆ, ಒಂಬತ್ತರಿಂದ ಪಿಯುಸಿ ಮುಗಿಯುವವರೆಗೆ ವರ್ಷಕ್ಕೆ 12,000 ರೂಪಾಯಿ ಬರುತ್ತದೆ.

ಪ್ರಶ್ನೆ: ಏಳನೆಯಲ್ಲಿರುವ ಮಗ ವಿಜ್ಞಾನವನ್ನು ಬಾಯಲ್ಲಿ ಅದ್ಭುತವಾಗಿ ಹೇಳುತ್ತಾನೆ, ಬರೆಯಲು ಕೂತರೆ ಒತ್ತಕ್ಷರ, ದೀರ್ಘ ಎಲ್ಲ ತಪ್ಪು. ಸೋಮಾರಿತನವೇ?
— ವಿರಾಜಪೇಟೆ

ಉತ್ತರ: ಹಾಗೆ ತೀರ್ಮಾನಿಸುವ ಮೊದಲು ಕಲಿಕಾ ನ್ಯೂನತೆಯ ತಪಾಸಣೆ ಮಾಡಿಸಿ. ಬುದ್ಧಿ ಚುರುಕಾಗಿರುವ ಮಕ್ಕಳಲ್ಲಿ ಅದು ಬಚ್ಚಿಟ್ಟುಕೊಂಡು, ಬರವಣಿಗೆ ಹೆಚ್ಚಾಗುವ ಆರು-ಏಳನೇ ತರಗತಿಯಲ್ಲಿ ಬಯಲಾಗುತ್ತದೆ. ನಿಮಗೆ ಹತ್ತಿರದ್ದು ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ. ಮಗನ ಎರಡು ನೋಟ್‌ಬುಕ್, ಹಿಂದಿನ ಅಂಕಪಟ್ಟಿಗಳನ್ನು ಜೊತೆಗೊಯ್ಯಿರಿ. ಪ್ರಮಾಣಪತ್ರ ಸಿಕ್ಕರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚುವರಿ ಸಮಯ ಕೇಳಬಹುದು. ಅಲ್ಲಿಯವರೆಗೆ ಶಾಲೆಯ ಕಿರುಪರೀಕ್ಷೆಗಳಲ್ಲಿ ವಿಜ್ಞಾನದ ಉತ್ತರವನ್ನು ಬಾಯಿಮಾತಿನಲ್ಲಿ ಕೇಳಿ ಅಂಕ ಹಾಕುವಂತೆ ಶಿಕ್ಷಕರನ್ನು ಒಪ್ಪಿಸಿ, ಕಾಗುಣಿತದ ತಪ್ಪನ್ನು ಭಾಷಾ ಪೀರಿಯಡ್‌ನಲ್ಲಿ ತಿದ್ದಲಿ.