ಇಸ್ತ್ರಿ ಪೆಟ್ಟಿಗೆಯ ತಳ ಕರಕಲಾದರೆ

ಪ್ರಶ್ನೆ: ಗಂಜಿ ಹಾಕಿದ ಬಟ್ಟೆ ಇಸ್ತ್ರಿ ಮಾಡಿ ಮಾಡಿ ಪೆಟ್ಟಿಗೆಯ ತಳಕ್ಕೆ ಕಂದು ಪದರ ಹಿಡಿದಿದೆ. ಬಿಳಿ ಬಟ್ಟೆಗೆಲ್ಲ ಕಲೆಯಾಗುತ್ತಿದೆ. ಉಪ್ಪಿನಿಂದ ಉಜ್ಜಿ ಎಂದು ಒಬ್ಬರು, ಅಡುಗೆ ಸೋಡಾ ಹಚ್ಚಿ ಎಂದು ಇನ್ನೊಬ್ಬರು ಹೇಳುತ್ತಾರೆ. ಯಾವುದು ಸರಿ?

ಉತ್ತರ: ನಿಮ್ಮ ಪೆಟ್ಟಿಗೆಯ ತಳ ಯಾವುದು ಎಂಬುದರ ಮೇಲೆ ಅದು ನಿಂತಿದೆ. ತಳ ಬೆಳ್ಳಗೆ ಹೊಳೆಯುವ ಬರಿಯ ಸ್ಟೀಲ್ ಆಗಿದ್ದರೆ ಎರಡೂ ನಡೆಯುತ್ತದೆ. ಕಪ್ಪು, ಬೂದು ಅಥವಾ ಬೇರೆ ಬಣ್ಣದ ನುಣುಪಾದ ಲೇಪನವಿದ್ದರೆ (ನಾನ್‌ಸ್ಟಿಕ್, ಸೆರಾಮಿಕ್) ಉಪ್ಪಿನ ತಂಟೆಗೇ ಹೋಗಬೇಡಿ. ಲೇಪನ ಒಮ್ಮೆ ಗೀರಿದರೆ ಮುಂದೆ ಗಂಜಿ ಕಚ್ಚಿಕೊಳ್ಳುವುದು ಆ ಗೀರಿನಲ್ಲೇ.

ತಳ ಯಾವುದೇ ಇರಲಿ, ಮೊದಲು ನೀರಿನಿಂದ ಶುರುಮಾಡಿ. ಗಂಜಿ ನೀರಿಗೆ ನೆನೆಯುವ ವಸ್ತು, ಪೂರ್ತಿ ಕರಕಲಾಗದ ಭಾಗ ನೆನೆದೇ ಅರ್ಧ ಬಿಟ್ಟುಕೊಳ್ಳುತ್ತದೆ. ಪ್ಲಗ್ ತೆಗೆದು, ಪೆಟ್ಟಿಗೆ ಪೂರ್ತಿ ಆರಿದ ಮೇಲೆ, ಬಿಸಿನೀರಿನಲ್ಲಿ ಅದ್ದಿ ಹಿಂಡಿದ ದಪ್ಪ ಬಟ್ಟೆಯ ಮೇಲೆ ಅದನ್ನು ಹದಿನೈದು ನಿಮಿಷ ಕೂರಿಸಿ ಒರೆಸಿ. ಲೇಪನದ ತಳಕ್ಕೆ ಇದರ ನಂತರ ಪಾತ್ರೆ ತೊಳೆಯುವ ದ್ರಾವಣದ ಒಂದೆರಡು ಹನಿ ಹಾಕಿದ ಮೆತ್ತನೆಯ ಬಟ್ಟೆ ಸಾಕು. ಒಂದೇ ಸಲಕ್ಕೆ ಹೋಗದಿದ್ದರೆ ಮತ್ತೆ ನೆನೆಸಿ, ಉಜ್ಜುವ ಬಲ ಹೆಚ್ಚಿಸಬೇಡಿ.

ಸ್ಟೀಲ್ ತಳದಲ್ಲಿ ಇನ್ನೂ ಕಲೆ ಉಳಿದಿದ್ದರೆ ಎರಡು ಚಮಚ ಅಡುಗೆ ಸೋಡಾಕ್ಕೆ ಒಂದು ಚಮಚ ನೀರು ಸೇರಿಸಿ ಕಲಸಿ. ಪೇಸ್ಟ್ ಹರಿಯಬಾರದು, ಹಚ್ಚಿದಲ್ಲೇ ನಿಲ್ಲಬೇಕು. ಕಲೆಯ ಮೇಲೆ ಮಾತ್ರ ಹಚ್ಚಿ, ಐದು ನಿಮಿಷ ಬಿಟ್ಟು, ಒದ್ದೆ ಬಟ್ಟೆಯಿಂದ ಸುತ್ತಿ ಸುತ್ತಿ ಉಜ್ಜಿ. ಅಲ್ಯೂಮಿನಿಯಂ ತಳವಾದರೆ ಹಚ್ಚಿದ ಕೂಡಲೇ ಒರೆಸಿಬಿಡಿ, ಹೆಚ್ಚು ಹೊತ್ತು ಬಿಟ್ಟರೆ ಲೋಹ ಮಂಕಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸ್ಟೀಮ್ ತೂತುಗಳಿಗೆ ಪೇಸ್ಟ್ ಹೋಗದಂತೆ ನೋಡಿಕೊಳ್ಳಿ. ಒಳಗೆ ಒಣಗಿದ ಸೋಡಾ ಮುಂದಿನ ಸಲ ಹಬೆಯ ಜೊತೆ ಬಿಳಿ ಚುಕ್ಕೆಗಳಾಗಿ ಬಟ್ಟೆಯ ಮೇಲೆ ಉದುರುತ್ತದೆ.

ಉಪ್ಪು ಕೊನೆಯ ಉಪಾಯ. ಟ್ಯಾಂಕಿನ ನೀರು ಚೆಲ್ಲಿ, ಸ್ಟೀಮ್ ಬಂದ್ ಮಾಡಿ, ಹಳೆಯ ಹತ್ತಿ ಬಟ್ಟೆಯ ಮೇಲೆ ಎರಡು ಚಮಚ ಪುಡಿ ಉಪ್ಪು ಹರಡಿ, ಬಿಸಿ ಪೆಟ್ಟಿಗೆಯನ್ನು ಒಂದು ನಿಮಿಷ ಹಗುರವಾಗಿ ಆಡಿಸಿ. ಕಲ್ಲುಪ್ಪು ಬೇಡ. ಅಂಟಿದ ಉಪ್ಪು ಉಳಿದರೆ ಲೋಹ ತಿನ್ನುತ್ತದೆ. ಹಾಗಾಗಿ ಆರಿದ ಮೇಲೆ ಒದ್ದೆ ಬಟ್ಟೆಯಿಂದ ಎರಡು ಸಲ ಒರೆಸಿ.

ಪ್ರಶ್ನೆ: ಸಿಂಥೆಟಿಕ್ ಬಟ್ಟೆ ಕರಗಿ ತಳಕ್ಕೆ ಅಂಟಿಕೊಂಡಿದೆ. ಸೋಡಾ ಹಚ್ಚಿದರೂ ಕದಲುತ್ತಿಲ್ಲ.

ಉತ್ತರ: ಕದಲುವುದಿಲ್ಲ. ಅದು ಕರಗಿ ಗಟ್ಟಿಯಾದ ಪ್ಲಾಸ್ಟಿಕ್, ಸೋಡಾಕ್ಕಾಗಲಿ ವಿನೆಗರ್‌ಗಾಗಲಿ ಜಗ್ಗದು. ಅದನ್ನು ಮತ್ತೆ ಮೆತ್ತಗೆ ಮಾಡಿಯೇ ತೆಗೆಯಬೇಕು. ಕಿಟಕಿ ತೆರೆದಿಡಿ, ಹೊಗೆ ಒಳ್ಳೆಯದಲ್ಲ. ಪೆಟ್ಟಿಗೆಯನ್ನು ಕಡಿಮೆ ಬಿಸಿಯಿಂದ ಶುರುಮಾಡಿ ನಿಧಾನವಾಗಿ ಏರಿಸಿ. ಪ್ಲಾಸ್ಟಿಕ್ ಮೆತ್ತಗಾದ ಕೂಡಲೇ ಪ್ಲಗ್ ಕಿತ್ತು, ಮರದ ಸೌಟಿನ ಅಂಚಿನಿಂದ ಒಂದೇ ದಿಕ್ಕಿಗೆ ತಳ್ಳಿ. ಹಿಂದೆ ಮುಂದೆ ಉಜ್ಜಿದರೆ ತಳವಿಡೀ ಬಳಿದುಕೊಳ್ಳುತ್ತದೆ. ಉಳಿದ ತೆಳು ಪದರ ಹೋಗಲು ಬಿಸಿಯಿರುವಾಗಲೇ ದಪ್ಪ ಹತ್ತಿ ಬಟ್ಟೆಯ ಮೇಲೆ ಒತ್ತಿ ಎಳೆಯಿರಿ, ಪ್ರತಿ ಸಲವೂ ಬಟ್ಟೆಯ ಹೊಸ ಜಾಗದಲ್ಲಿ. ಚಾಕು, ಬ್ಲೇಡ್, ಸ್ಟೀಲ್ ಸ್ಕ್ರಬ್ಬರ್ ಮುಟ್ಟಲೇಬೇಡಿ.

ಉಗುರು ಬಣ್ಣ ತೆಗೆಯುವ ದ್ರಾವಣದ ಸಲಹೆಯೂ ಕಿವಿಗೆ ಬಿದ್ದಿರಬಹುದು. ಅದರಲ್ಲಿರುವ ಅಸಿಟೋನ್ ತಕ್ಷಣ ಹೊತ್ತಿಕೊಳ್ಳುವಂಥದ್ದು. ಬಿಸಿ ಪೆಟ್ಟಿಗೆಯ ಹತ್ತಿರವೂ ತರಬೇಡಿ. ಪೆಟ್ಟಿಗೆಯ ಪ್ಲಾಸ್ಟಿಕ್ ಮೈಗೆ ತಾಗಿದರೆ ಅದೂ ಹಾಳಾಗಬಹುದು.

ಪ್ರಶ್ನೆ: ಬಿಸಿ ತಳಕ್ಕೆ ಪ್ಯಾರಾಸಿಟಮಾಲ್ ಮಾತ್ರೆ ಉಜ್ಜಿದರೆ ಕಲೆ ಹೋಗುತ್ತದೆಯಂತೆ, ನಿಜವೇ?

ಉತ್ತರ: ಮಾತ್ರೆ ಬಿಸಿಗೆ ಕರಗಿ ಕರಕನ್ನು ಸಡಿಲಿಸುವುದು ನಿಜ. ಆದರೂ ನಾವು ಹೇಳುವುದು ಬೇಡ ಎಂದೇ. ಸುಡುವ ತಳದಿಂದ ಬೆರಳು ಒಂದು ಮಾತ್ರೆಯಷ್ಟೇ ದೂರದಲ್ಲಿರುತ್ತದೆ, ಏಳುವ ಹೊಗೆ ನೇರ ಮುಖಕ್ಕೆ ಬರುತ್ತದೆ.

ಪ್ರಶ್ನೆ: ಸ್ಟೀಮ್ ತೂತುಗಳಿಂದ ಕಂದು ನೀರು ಬರುತ್ತದೆ. ಟ್ಯಾಂಕಿಗೆ ವಿನೆಗರ್ ಹಾಕಬಹುದೇ?

ಉತ್ತರ: ಕೈಪಿಡಿಯಲ್ಲಿ ಹಾಕಿ ಎಂದು ಬರೆದಿದ್ದರೆ ಮಾತ್ರ. ಎಷ್ಟೋ ತಯಾರಕರು ಬೇಡ ಎನ್ನುತ್ತಾರೆ, ಆಮ್ಲ ಒಳಗಿನ ಭಾಗಗಳನ್ನು ಕೆಡಿಸಬಹುದೆಂದು. ಗಡಸು ನೀರಿನ ಸುಣ್ಣ, ಹೋಗಿ ಸೇರಿದ ಬಟ್ಟೆಯ ನೂಲು, ಗಂಜಿ ಎಲ್ಲ ಸೇರಿ ಆ ಬಣ್ಣ ಬರುತ್ತದೆ. ಟ್ಯಾಂಕಿಗೆ ಶುದ್ಧ ನೀರು ತುಂಬಿ, ಪೂರ್ತಿ ಬಿಸಿ ಮಾಡಿ, ಪ್ಲಗ್ ತೆಗೆದು ಸಿಂಕಿನ ಮೇಲೆ ಅಡ್ಡ ಹಿಡಿದು ಹಬೆ ಬಿಡಿ. ನೀರು ತಿಳಿಯಾಗುವವರೆಗೆ ಮತ್ತೆ ಮತ್ತೆ ಮಾಡಿ. ಕುದಿನೀರು ಸಿಡಿಯುತ್ತದೆ, ಕೈ ದೂರವಿರಲಿ. ತೂತಿನ ಬಾಯಿಗೆ ಹತ್ತಿ ಕಡ್ಡಿ ಸಾಕು, ಪಿನ್ ಚುಚ್ಚಬೇಡಿ.

ಪ್ರಶ್ನೆ: ಶುಚಿ ಮಾಡಿದ ವಾರಕ್ಕೇ ಮತ್ತೆ ಕಂದಾಗುತ್ತದೆ. ಏಕೆ?

ಉತ್ತರ: ಗಂಜಿ ಸಿಂಪಡಿಸಿದ ಕೂಡಲೇ ಪೆಟ್ಟಿಗೆ ಇಡುತ್ತಿದ್ದೀರಿ ಎಂದು ಕಾಣುತ್ತದೆ. ದ್ರವ ನೂಲಿಗೆ ಇಳಿಯುವ ಮೊದಲೇ ಮೇಲ್ಮೈಯಲ್ಲೇ ಬೆಂದು ತಳಕ್ಕೆ ಅಂಟುತ್ತದೆ. ಒಂದೆರಡು ನಿಮಿಷ ಬಿಡಿ, ಬಟ್ಟೆಯನ್ನು ಒಳಮೈ ಹೊರಗೆ ಮಾಡಿ ಇಸ್ತ್ರಿ ಹಾಕಿ. ಬಟ್ಟೆಯ ಲೇಬಲ್‌ನಲ್ಲಿರುವ ಇಸ್ತ್ರಿ ಚಿಹ್ನೆಯ ಚುಕ್ಕೆಗಳನ್ನೂ ನೋಡಿ: ಒಂದು ಚುಕ್ಕೆಗೆ ಸುಮಾರು 110, ಎರಡಕ್ಕೆ 150, ಮೂರಕ್ಕೆ 200 ಡಿಗ್ರಿ ಸೆಲ್ಸಿಯಸ್ ಮಿತಿ. ಬಟ್ಟೆಗಳು ಬೇರೆ ಬೇರೆ ಇದ್ದರೆ ಒಂದು ಚುಕ್ಕೆಯವುಗಳನ್ನು ಮೊದಲು ಮುಗಿಸಿ. ಬಿಸಿ ಏರಲು ಹೊತ್ತು ಬೇಕಿಲ್ಲ, ಇಳಿಯಲು ಬಹಳ ಹೊತ್ತು ಬೇಕು.