ಕಲಬುರಗಿಯಿಂದ ಆರು, ಹನ್ನೊಂದು ವರ್ಷದ ಇಬ್ಬರು ಮಕ್ಕಳು, ಮೊಣಕಾಲು ನೋವಿರುವ ಅತ್ತೆ ಜೊತೆ ಮೇ ರಜೆಯಲ್ಲಿ ಕುದುರೆಮುಖಕ್ಕೆ ಹೋಗಬಹುದಾ?

ಹೋಗಬಹುದು ಅಕ್ಕಾ. ಆದರೆ ಮೇ ಬೇಡ, ದಸರಾ ರಜೆಗೆ ಇಟ್ಟುಕೊಳ್ಳಿ.

ಇಲ್ಲಿನ ಬಿಸಿಲಿಗೆ ಬೇಸತ್ತು ಕೇಳಿದ್ದೀರಿ ಅಂತ ಗೊತ್ತು, ನಾನೂ ಕಲಬುರಗಿಯವನೇ. ಮೇನಲ್ಲಿ ಅಲ್ಲಿ ತಂಪು ಸಿಗುತ್ತದೆ, ಸುಳ್ಳಲ್ಲ. ಆದರೆ ಕುದುರೆಮುಖದ ಚಂದ ಇರೋದೇ ಹುಲ್ಲಿನಲ್ಲಿ. ಗುಡ್ಡದ ಮೈತುಂಬ ಹುಲ್ಲು, ಕಣಿವೆಯ ಮಡಿಕೆಗಳಲ್ಲಿ ಮಾತ್ರ ದಟ್ಟ ಶೋಲಾ ಕಾಡು. ಬೇಸಿಗೆಯಲ್ಲಿ ಆ ಹುಲ್ಲು ಒಣಗಿ ಕಂದು ಬಣ್ಣಕ್ಕೆ ತಿರುಗಿರುತ್ತದೆ. ಬೆಂಕಿ ಬೀಳುವ ಭಯಕ್ಕೆ ಚಾರಣವನ್ನೂ ಎಷ್ಟೋ ಸಲ ಬಂದ್ ಮಾಡಿರುತ್ತಾರೆ. ಜೂನ್‌ನಿಂದ ಸೆಪ್ಟೆಂಬರ್ ಅಂತೂ ಬೇಡವೇ ಬೇಡ. ನಮ್ಮಲ್ಲಿ ಇಡೀ ವರ್ಷಕ್ಕೆ ಬೀಳೋದು 700-800 ಮಿ.ಮೀ. ಮಳೆ, ಘಾಟಿನ ಆ ಅಂಚಿನಲ್ಲಿ ಅದು 6000 ದಾಟುತ್ತದೆ. ಅಕ್ಟೋಬರ್‌ನಲ್ಲೂ ಒಂದೆರಡು ಮಳೆ ಇರುತ್ತದೆ, ಇಂಬಳವೂ (ಜಿಗಣೆ) ಇರುತ್ತದೆ. ಒಂದು ಡಬ್ಬಿಯಲ್ಲಿ ಉಪ್ಪು ಇಟ್ಟುಕೊಳ್ಳಿ, ಮಕ್ಕಳಿಗೆ ಉದ್ದ ಸಾಕ್ಸ್ ಹಾಕಿ.

ಸ್ವಂತ ಕಾರಲ್ಲಿ ಹೋಗುವ ಯೋಚನೆ ಇದ್ದರೆ ಬಿಟ್ಟುಬಿಡಿ. 600 ಕಿ.ಮೀ. ದಾಟುತ್ತದೆ, ಕೊನೆಯದು ಪೂರ್ತಿ ತಿರುವು. ಸೊಲ್ಲಾಪುರ-ಹಾಸನ ಎಕ್ಸ್‌ಪ್ರೆಸ್ ಕಲಬುರಗಿ ಮೇಲೆಯೇ ಹೋಗುತ್ತದೆ. ರಾತ್ರಿ ಮಲಗಿ, ಮರುದಿನ ಹಾಸನದಲ್ಲಿ ಇಳಿದು, ಅಲ್ಲಿಯ ಗಾಡಿ ಮಾಡಿಕೊಳ್ಳಿ. ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರದ ಮೇಲೆ ಕುದುರೆಮುಖದ ಹತ್ತಿರದ ಊರು ಕಳಸ ಮುಟ್ಟುತ್ತೀರಿ. ಡ್ರೈವರ್ ಮಲೆನಾಡಿನವನೇ ಇರಲಿ. ನಮ್ಮ ಕಡೆಯ ಹುಡುಗರು ನೆಟ್ಟಗಿನ ರೋಡಲ್ಲಿ ಹುಲಿ, ಘಾಟಿಯಲ್ಲಿ ಬರೀ ಬ್ರೇಕ್ ತುಳಿಯುತ್ತಾರೆ. ಹಿಂದೆ ಕೂತವರಿಗೆ ವಾಂತಿ ಗ್ಯಾರಂಟಿ.

ಉಳಿಯೋದು ಕಳಸದಲ್ಲೇ. ದಿನಕ್ಕೊಂದು ಊರು ಅಂತ ಗಂಟುಮೂಟೆ ಕಟ್ಟಬೇಡಿ. ಹೊರನಾಡು ಪಕ್ಕದಲ್ಲೇ ಇದೆ, ಅತ್ತೆಯವರಿಗೆ ಅನ್ನಪೂರ್ಣೇಶ್ವರಿ ದರ್ಶನವೂ ಆಯ್ತು, ಎಲ್ಲರಿಗೂ ಅಲ್ಲೇ ಊಟವೂ ಆಯ್ತು. ಆದರೂ ಎರಡನೇ ದಿನಕ್ಕೆ ಅವರು ರೊಟ್ಟಿ ಕೇಳೋದು ಖಂಡಿತ. ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೇ ಹೊರಡಿ.

ಈಗ ಕಾಡಿನ ವಿಷಯ. ಕಳಸದಿಂದ ಸಂಸೆ, ಕುದುರೆಮುಖ ಪೇಟೆ ದಾಟಿ ಕಾರ್ಕಳದ ಕಡೆ ಹೋಗುವ ರಸ್ತೆ ರಾಷ್ಟ್ರೀಯ ಉದ್ಯಾನದ ಒಳಗೇ ಹಾಯುತ್ತದೆ. ಚೆಕ್‌ಪೋಸ್ಟಿನಲ್ಲಿ ಗಾಡಿ ನಂಬರು, ಟೈಮು ಬರೆದು ಒಂದು ಚೀಟಿ ಕೊಡುತ್ತಾರೆ. ಕೊಟ್ಟ ಸಮಯದೊಳಗೆ ಆ ಕಡೆಯ ಗೇಟು ಮುಟ್ಟಬೇಕು, ತಡವಾದರೆ ದಂಡ. ನಮ್ಮ ಕಾಕಾ ಒಂದು ತಿರುವಿನಲ್ಲಿ ಮಂಜು ನೋಡಿ, "ಏ ತಮ್ಮಾ, ಐದು ನಿಮಿಷ ನಿಲ್ಲಸೋ, ಇಲ್ಲೇ ಬುತ್ತಿ ಬಿಚ್ಚೋಣು" ಅಂದರು. ಡ್ರೈವರ್ ತಿರುಗಿಯೂ ನೋಡದೆ ಡ್ಯಾಶ್‌ಬೋರ್ಡಿನ ಮೇಲಿದ್ದ ಚೀಟಿ ತೋರಿಸಿದ. ಕಾಕಾಗೆ ಸಿಟ್ಟು ಬಂತು. ನನಗೇನೋ ಆ ನಿಯಮ ಸರಿ ಅನ್ನಿಸುತ್ತದೆ. ಇಲ್ಲದಿದ್ದರೆ ಒಂದೊಂದು ತಿರುವಿನಲ್ಲೂ ಚಿಪ್ಸ್ ಪ್ಯಾಕೆಟ್ ಬಿದ್ದಿರುತ್ತಿತ್ತು, ಅಲ್ವಾ? ತಿಂಡಿ, ಬಾತ್‌ರೂಮು ಎಲ್ಲಾ ಗೇಟಿನ ಮುಂಚೆಯೇ ಮುಗಿಸಿಕೊಳ್ಳಿ.

ಕದಂಬಿ ಜಲಪಾತ ರಸ್ತೆ ಬದಿಗೇ ಕಾಣುತ್ತದೆ, ಅತ್ತೆಯವರಿಗೆ ಅದು ಸಾಕು. ಹನುಮನಗುಂಡಿ ಜಲಪಾತಕ್ಕೆ ಮೆಟ್ಟಿಲು ಇಳಿದು ಹೋಗಬೇಕು. ಇಳಿಯುವಾಗ ಏನೂ ಅನ್ನಿಸಲ್ಲ, ಹತ್ತುವಾಗ ಮೊಣಕಾಲು ಮಾತಾಡುತ್ತದೆ. ಒಬ್ಬರು ಅವರ ಜೊತೆ ಮೇಲೇ ಕೂತು, ಉಳಿದವರು ಹೋಗಿ ಬನ್ನಿ. ಮುಳ್ಳೋಡಿಯಿಂದ ಶಿಖರ ಹತ್ತುವ ಚಾರಣ ಈ ಸಲ ಬೇಡ. ಹೋಗಿ ಬರಲು ಇಡೀ ದಿನ ಬೇಕು, ಆರು ವರ್ಷದ ಮಗುವನ್ನು ಕೊನೆಗೆ ನೀವೇ ಹೊರಬೇಕಾಗುತ್ತದೆ.

ಹುಲಿ ತೋರಿಸ್ತೀವಿ ಅಂತ ಮಕ್ಕಳಿಗೆ ಹೇಳಿ ಕರೆದೊಯ್ಯಬೇಡಿ. ಇಲ್ಲಿ ಸಫಾರಿ ಇಲ್ಲ. ಅದೃಷ್ಟ ಇದ್ದರೆ ಸಿಂಗಳೀಕ (ಸಿಂಹಬಾಲದ ಕೋತಿ) ಕಂಡೀತು. ಸಫಾರಿಯೇ ಬೇಕು ಅಂದರೆ ಭದ್ರಾ ಅಭಯಾರಣ್ಯದ ಲಕ್ಕವಳ್ಳಿಗೆ ಹೋಗಬೇಕು, ಅದು ಬೇರೆ ಪ್ರವಾಸ. ಹನ್ನೊಂದರ ಮಗನಿಗೆ ಕುದುರೆಮುಖ ಪೇಟೆಯ ಗಣಿ ನೌಕರರ ಖಾಲಿ ಕ್ವಾರ್ಟರ್ಸ್ ತೋರಿಸಿ. 1987ರಲ್ಲಿ ಈ ಕಾಡು ರಾಷ್ಟ್ರೀಯ ಉದ್ಯಾನ ಆದ ಮೇಲೂ ಇಲ್ಲಿ ಕಬ್ಬಿಣದ ಅದಿರು ತೆಗೆಯುತ್ತಿದ್ದರು. ಸುಪ್ರೀಂ ಕೋರ್ಟ್ ಹೇಳಿದ ಮೇಲೆ 2005ರ ಕೊನೆಗೆ ಗಣಿ ನಿಂತಿತು, ಊರೇ ಖಾಲಿಯಾಯಿತು. ಆ ವಯಸ್ಸಿನವರಿಗೆ ಇಂಥದ್ದು ಜಲಪಾತಕ್ಕಿಂತ ಜಾಸ್ತಿ ಹಿಡಿಸುತ್ತದೆ.

ಈ ಪ್ರವಾಸಕ್ಕೂ ಮುಂಚೆ ಶ್ರಾವಣದ ಒಂದು ಭಾನುವಾರ ನಮ್ಮ ಜಿಲ್ಲೆಯದೇ ಚಿಂಚೋಳಿ ಕಾಡಿಗೆ ಹೋಗಿ ಬನ್ನಿ. 2011ರಲ್ಲಿ ವನ್ಯಜೀವಿ ಧಾಮ ಆದ ಜಾಗ, ಚಂದ್ರಂಪಳ್ಳಿ ಡ್ಯಾಮಿನ ಸುತ್ತ ಗುಡ್ಡಗಳಿವೆ, ಸಂಜೆಗೆ ಮನೆಗೆ ಬರಬಹುದು. ಅತ್ತೆಯವರು ಎಷ್ಟು ನಡೀತಾರೆ, ಸಣ್ಣದಕ್ಕೆ ಕಾರಲ್ಲಿ ವಾಂತಿ ಬರುತ್ತಾ ಅಂತ ಅಲ್ಲೇ ಗೊತ್ತಾಗುತ್ತದೆ.

ರೈಲಿನ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ. ದಸರಾ ಸೀಟು ಬೇಗ ಖಾಲಿಯಾಗುತ್ತವೆ, ಅವತ್ತೇ ಮಾಡಿಬಿಡಿ. ಅತ್ತೆಯವರಿಗೆ ಕೆಳಗಿನ ಬರ್ತ್ ಕೇಳೋದು ಮರೀಬೇಡಿ.